ಮೊಬೈಲಿನ ಚಿತ್ರ ಡಿ.ವಿ.ಡಿ. ಪ್ಲೇಯರಿನಲ್ಲಿ ಓಡದಿದ್ದರೆ



ಸಿದ್ದಾಪುರ ಎಂದರೆ ನಮ್ಮಲ್ಲಿ ಅಡಿಕೆಯವರಿಗೆ ಉತ್ತರ ಕನ್ನಡದ ಊರು, ಕಾಫಿಯವರಿಗೆ ಕೊಡಗಿನ ಊರು ನೆನಪಾಗುತ್ತದೆ. ನಾನು ಈಗ ಹೇಳುತ್ತಿರುವ ಸಿದ್ದಾಪುರ ಇವೆರಡೂ ಅಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಬದಿಗೆ, ಜಯನಗರ ಒಂದನೆಯ ಬ್ಲಾಕಿನ ಪಕ್ಕದಲ್ಲಿ, ಸಸಿ ಮಾರುವ ನರ್ಸರಿಗಳಿಗೆ ಹೆಸರಾದ ಸಿದ್ದಾಪುರ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಅವರ ಪತ್ನಿ ಅಲ್ಲಿ ಮಗನ ಮನೆಯಲ್ಲಿದ್ದಾರೆ.

ಆ ಹಿರಿಯರು ತಮ್ಮ ಕೊನೆಯ ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ನಿಂತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ವಿವರಿಸಿದ್ದರು. ಮೊಮ್ಮಗ ಅದನ್ನು ಮೊಬೈಲಿನಲ್ಲಿ 48 ನಿಮಿಷ ಚಿತ್ರೀಕರಿಸಿದ್ದ. ನಾನು ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದಾಗ ಆ ತಾಯಿ ಹೇಳಿದರು: "ತಮ್ಮಾ, ಮೊಬೈಲಿನಲ್ಲಿ ಇವರ ಮುಖ ಬೆರಳಿನಷ್ಟು ಕಾಣುತ್ತದೆ. ನಾನು ಯಕ್ಷಗಾನ ನೋಡುವ ಈ ಡಿ.ವಿ.ಡಿ.ಯಲ್ಲಿ ಹಾಕಿಕೊಡಲಿಕ್ಕೆ ಆಗುತ್ತದೆಯೇ?" ಆಗುತ್ತದೆ ಎಂದು ಸುಲಭವಾಗಿ ಹೇಳಿಬಿಟ್ಟೆ. ಆದರೆ ಮೂರು ಸಲ ಸೋತ ಮೇಲೆ ನಾಲ್ಕನೆಯ ಸಲ ಕೆಲಸ ಕೈಗೂಡಿತು. ಇಂಥದೇ ತೊಂದರೆಯನ್ನು ಇನ್ನೂ ಕೆಲವು ಸದಸ್ಯರು ಕಚೇರಿಯಲ್ಲಿ ಹೇಳಿಕೊಂಡಿರುವುದರಿಂದ ವಿಷಯವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೂರು ಸೋಲುಗಳು

ಮೊದಲನೆಯದಾಗಿ, ಚಿತ್ರವನ್ನು ಪೆನ್ ಡ್ರೈವಿಗೆ ಹಾಕಿ ಪ್ಲೇಯರಿಗೆ ಚುಚ್ಚಿದೆವು. ಪೆನ್ ಡ್ರೈವೇ ಅದಕ್ಕೆ ಕಾಣಲಿಲ್ಲ. ಕಾರಣ ಸರಳ. ಹಳೆಯ ಪ್ಲೇಯರುಗಳು ಸಾಮಾನ್ಯವಾಗಿ ಫ್ಯಾಟ್-32 ಎಂಬ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವನ್ನು ಮಾತ್ರ ಓದುತ್ತವೆ. ಆ ಕ್ರಮದಲ್ಲಿ ಒಂದು ಫೈಲು 4 ಜಿ.ಬಿ.ಗಿಂತ ದೊಡ್ಡದಿರುವಂತಿಲ್ಲ. ನಮ್ಮ ಫೈಲು 6 ಜಿ.ಬಿ. ಇದ್ದುದರಿಂದ ಮೊಮ್ಮಗ ಪೆನ್ ಡ್ರೈವನ್ನು ಬೇರೆ ಕ್ರಮಕ್ಕೆ ಬದಲಾಯಿಸಿದ್ದ.

ಎರಡನೆಯದಾಗಿ, ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಚಿಕ್ಕದು ಮಾಡಿ, ಖಾಲಿ ಡಿ.ವಿ.ಡಿ.ಗೆ ಹಾಗೆಯೇ ನಕಲು ಮಾಡಿದೆವು. ಪ್ಲೇಯರು ಡಿಸ್ಕನ್ನು ತಿರುಗಿಸಿ ತಿರುಗಿಸಿ, ಓದಲಾಗದು ಎಂದು ತೋರಿಸಿತು. ಫೈಲನ್ನು ಡಿಸ್ಕಿಗೆ ಹಾಕಿದ ಮಾತ್ರಕ್ಕೆ ಅದು ಡಿ.ವಿ.ಡಿ. ಚಿತ್ರವಾಗುವುದಿಲ್ಲ. ಇದನ್ನು ಮುಂದೆ ವಿವರಿಸುತ್ತೇನೆ.

ಮೂರನೆಯದಾಗಿ, ಹತ್ತಿರದ ಅಂಗಡಿಯೊಂದರಲ್ಲಿ ಎ.ವಿ.ಐ. ಎಂಬ ಬಗೆಗೆ ಪರಿವರ್ತಿಸಿ ತಂದೆವು. ಚಿತ್ರವೇನೋ ಬಂದಿತು. ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮೊಬೈಲುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತವೆ. ಅದನ್ನು ಸಮ ಮಾಡದೆ ಪರಿವರ್ತಿಸಿದರೆ ಧ್ವನಿ ಹಿಂದುಮುಂದಾಗುತ್ತದೆ. ಇದು ಸಾಲದೆಂಬಂತೆ, ಕೆಲಸ ಮುಗಿಯಿತೆಂದು ತಿಳಿದ ಮೊಮ್ಮಗ, ಜಾಗ ಸಾಲದೆ ಮೊಬೈಲಿನಲ್ಲಿದ್ದ ಮೂಲ ಚಿತ್ರವನ್ನು ಅಳಿಸಿಬಿಟ್ಟಿದ್ದ! ಪೆನ್ ಡ್ರೈವಿನಲ್ಲಿ ಉಳಿದಿದ್ದ ಪ್ರತಿಯೇ ನಮ್ಮನ್ನು ಕಾಪಾಡಿತು.

ಪ್ಲೇಯರಿಗೆ ಬೇಕಾದುದೇನು?

1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿ.ವಿ.ಡಿ.ಗೆ ಆಗಲೇ ಕಟ್ಟುನಿಟ್ಟಾದ ನಿಯಮಗಳನ್ನು ಗೊತ್ತುಮಾಡಿದ್ದರು. ಮೊಬೈಲಿನ ಚಿತ್ರ ಎಚ್.264 ಅಥವಾ ಎಚ್.265 ಎಂಬ ಹೊಸ ರೀತಿಯಲ್ಲಿ ಅಡಕವಾಗಿರುತ್ತದೆ. ಡಿ.ವಿ.ಡಿ. ಪ್ಲೇಯರಿಗೆ ಬೇಕಾದುದು ಎಂಪೆಗ್-2 ಎಂಬ ಹಳೆಯ ರೀತಿ. ನಮ್ಮ ದೇಶದಲ್ಲಿ ಅನುಸರಿಸುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720 x 576 ಚುಕ್ಕೆಗಳು, ವೇಗ ಸೆಕೆಂಡಿಗೆ 25 ಚಿತ್ರಗಳು. ಧ್ವನಿ ಎ.ಸಿ.-3 ಅಥವಾ ಎಂಪೆಗ್ ಬಗೆಯದಾಗಿ, 48 ಕಿಲೋಹರ್ಟ್ಸ್‌ನಲ್ಲಿ ಇರಬೇಕು. ಮೊಬೈಲಿನ ಎ.ಎ.ಸಿ. ಧ್ವನಿ ಡಿ.ವಿ.ಡಿ. ಚಿತ್ರಕ್ಕೆ ನಡೆಯುವುದಿಲ್ಲ.

ಇಷ್ಟೇ ಅಲ್ಲ, ಡಿಸ್ಕಿನಲ್ಲಿ ವಿಡಿಯೋ-ಟಿ.ಎಸ್. ಎಂಬ ಫೋಲ್ಡರು ಇರಬೇಕು. ಅದರೊಳಗೆ ಚಿತ್ರದ ವಿ.ಒ.ಬಿ. ಫೈಲುಗಳೂ, ಅವನ್ನು ಯಾವ ಕ್ರಮದಲ್ಲಿ ತೋರಿಸಬೇಕೆಂದು ತಿಳಿಸುವ ಐ.ಎಫ್.ಒ. ಫೈಲುಗಳೂ ಇರಬೇಕು. ಪ್ಲೇಯರು ಹುಡುಕುವುದು ಇದನ್ನೇ. ಮೈಲುತುತ್ತು, ಸುಣ್ಣ, ನೀರು ಮೂರೂ ಎದುರಿಗಿದ್ದರೂ ಅಳತೆ ಮತ್ತು ಕ್ರಮ ತಪ್ಪಿದರೆ ದ್ರಾವಣ ಕೆಟ್ಟಂತೆಯೇ ಇದು.

ಪರಿವರ್ತಿಸುವ ಕ್ರಮ

1. ಮೂಲ ಫೈಲನ್ನು ಮೊದಲು ಇನ್ನೊಂದು ಕಡೆ ನಕಲು ಮಾಡಿಕೊಳ್ಳಿ. ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

2. ಡಿ.ವಿ.ಡಿ.ಸ್ಟೈಲರ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಅನುಕೂಲ. ಅದರಲ್ಲಿ ಪಾಲ್ ಪದ್ಧತಿಯನ್ನು ಆರಿಸಿ, ಅಡ್ಡಲಾಗಿ ತೆಗೆದ ಚಿತ್ರವಾದರೆ 16:9 ಆಕಾರವನ್ನು ಕೊಡಿ. ಎಂಪೆಗ್-2ಕ್ಕೆ ಪರಿವರ್ತಿಸುವುದು, ವಿಡಿಯೋ-ಟಿ.ಎಸ್. ಫೋಲ್ಡರು ಕಟ್ಟುವುದು ಎರಡನ್ನೂ ಅದೇ ಮಾಡುತ್ತದೆ. ಕಂಪ್ಯೂಟರ್ ಪಳಗಿದವರು ಎಫ್.ಎಫ್.ಎಂಪೆಗ್ ತಂತ್ರಾಂಶದಲ್ಲಿ ಪಾಲ್ ಡಿ.ವಿ.ಡಿ. ಗುರಿಯನ್ನು ಕೊಟ್ಟು ಪರಿವರ್ತಿಸಬಹುದು. ಹೆಸರಾಂತ ಹ್ಯಾಂಡ್‌ಬ್ರೇಕ್ ತಂತ್ರಾಂಶ ಡಿ.ವಿ.ಡಿ. ಡಿಸ್ಕನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

3. ಡಿಸ್ಕಿನ ಜಾಗವನ್ನು ಲೆಕ್ಕ ಹಾಕಿ. ಒಂದು ಪದರದ ಡಿಸ್ಕ್ 4.7 ಜಿ.ಬಿ. ಹಿಡಿಯುತ್ತದೆ. ಎರಡು ಗಂಟೆಯ ಚಿತ್ರವಾದರೆ ಚಿತ್ರ ಮತ್ತು ಧ್ವನಿ ಸೇರಿ ಸೆಕೆಂಡಿಗೆ 5,000 ಕಿಲೋಬಿಟ್ ಮೀರಕೂಡದು. ನಮ್ಮ 48 ನಿಮಿಷದ ಚಿತ್ರಕ್ಕೆ 6,000 ಕೊಟ್ಟೆವು. ಧ್ವನಿ ಸೇರಿ ಸುಮಾರು 2.2 ಜಿ.ಬಿ. ಆಯಿತು. ಜಾಗವಿದೆಯೆಂದು ಇದನ್ನು ಬಹಳ ಏರಿಸಬೇಡಿ. ಕೈಯಿಂದ ಬರೆದ ಡಿಸ್ಕುಗಳಲ್ಲಿ ಹಳೆಯ ಪ್ಲೇಯರುಗಳು ತಡವರಿಸುತ್ತವೆ.

4. ಡಿ.ವಿ.ಡಿ.-ಆರ್ ಡಿಸ್ಕಿಗೆ ನಿಧಾನ ವೇಗದಲ್ಲಿ ಬರೆಯಿರಿ. ನಾವು 4 ಪಟ್ಟು ವೇಗದಲ್ಲಿ ಬರೆದೆವು. ಕೊನೆಯಲ್ಲಿ ಡಿಸ್ಕನ್ನು ಮುಚ್ಚುವ ಫೈನಲೈಸ್ ಎಂಬ ಹಂತವನ್ನು ಬಿಡಬಾರದು. ಅಳಿಸಿ ಬರೆಯುವ ಆರ್.ಡಬ್ಲ್ಯು. ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಪ್ಲೇಯರುಗಳಿಗೆ ಕಾಣುವುದಿಲ್ಲ.

5. ಕನ್ನಡ ಅಡಿಬರಹ ಬೇಕಾದವರಿಗೆ ಒಂದು ಮಾತು. ಪೆನ್ ಡ್ರೈವಿನಲ್ಲಿ ಅಡಿಬರಹದ ಫೈಲು ಕೊಟ್ಟರೆ ಹಳೆಯ ಪ್ಲೇಯರಿನಲ್ಲಿ ಕನ್ನಡ ಅಕ್ಷರಗಳಿರುವುದಿಲ್ಲವಾದ್ದರಿಂದ ಬರೀ ಚೌಕಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ಡಿ.ವಿ.ಡಿ. ಡಿಸ್ಕಿನಲ್ಲಿ ಅಡಿಬರಹವು ಚಿತ್ರದ ರೂಪದಲ್ಲೇ ಇರುತ್ತದೆ. ಆದುದರಿಂದ ಅಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಫೈಲುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳಲ್ಲಿ ಚಿಕ್ಕದಾಗಿ ಇಡುವುದು ಕ್ಷೇಮ.

ತೊಂದರೆ ಎಲ್ಲಿದೆ ಎಂದು ತಿಳಿಯುವುದು

ಅಂಗಡಿಯಲ್ಲಿ ಕೊಂಡ ಡಿಸ್ಕೂ ಓಡದಿದ್ದರೆ ತೊಂದರೆ ಪ್ಲೇಯರಿನದು. ಮಳೆಗಾಲದಲ್ಲಿ ನಮ್ಮ ಮನೆಗಳ ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಹಿಡಿಯುವುದುಂಟು, ಒರೆಸಿಸಿದರೆ ಸಾಕಾಗಬಹುದು. ಕೊಂಡ ಡಿಸ್ಕ್ ಓಡಿ ನಿಮ್ಮದು ಓಡದಿದ್ದರೆ ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದು ವಿಡಿಯೋ-ಟಿ.ಎಸ್. ಫೋಲ್ಡರು ಇದೆಯೇ ನೋಡಿ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಪಾಲ್ ಬದಲು ಎನ್.ಟಿ.ಎಸ್.ಸಿ. ಆರಿಸಿರಬಹುದು. ಮುಖಗಳು ಉದ್ದಕ್ಕೆ ಎಳೆದಂತೆ ಕಂಡರೆ ಪ್ಲೇಯರಿನ ಸೆಟ್ಟಿಂಗಿನಲ್ಲಿ ಟಿ.ವಿ.ಯ ಆಕಾರ ತಪ್ಪಿದೆ. ಚಿತ್ರ ಮೊದಲರ್ಧ ಚೆನ್ನಾಗಿ ಓಡಿ ಆಮೇಲೆ ನಿಂತರೆ ಡಿಸ್ಕ್ ಕಳಪೆಯದು ಅಥವಾ ಬರೆದ ವೇಗ ಹೆಚ್ಚಾಯಿತು. ಪೆನ್ ಡ್ರೈವಿನಲ್ಲೇ ನೋಡುವವರು ಪ್ಲೇಯರಿನ ಮೇಲೆ ಡಿವ್‌ಎಕ್ಸ್ ಎಂದು ಬರೆದಿದೆಯೇ ನೋಡಿ, ಇದ್ದರೆ ಎಕ್ಸ್‌ವಿಡ್ ಬಗೆಯ ಎ.ವಿ.ಐ. ಫೈಲು ಮಾಡಿಕೊಳ್ಳಬಹುದು. ಆಗಲೂ ಸೆಕೆಂಡಿಗೆ 25 ಚಿತ್ರಗಳೆಂದು ಸ್ಥಿರಪಡಿಸಲು ಮರೆಯಬಾರದು.

ಮೂಲವನ್ನು ಅಳಿಸಬೇಡಿ

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಮೊಬೈಲಿನ ಸಾಮಾನ್ಯ ಚಿತ್ರದ ಅಳತೆ 1920 x 1080. ಅಂದರೆ ಡಿ.ವಿ.ಡಿ.ಯಲ್ಲಿ ಉಳಿಯುವುದು ಐದರಲ್ಲಿ ಒಂದು ಪಾಲು ಚುಕ್ಕೆಗಳು ಮಾತ್ರ. ಕಳೆದುಹೋದ ನಾಲ್ಕು ಪಾಲನ್ನು ಯಾವ ತಂತ್ರಾಂಶವೂ ಮತ್ತೆ ತಂದುಕೊಡಲಾರದು. ಡಿಸ್ಕುಗಳೂ ಬಿಸಿಲು, ಶಾಖ, ತೇವಕ್ಕೆ ಹಾಳಾಗುತ್ತವೆ. ಆದುದರಿಂದ ಡಿ.ವಿ.ಡಿ. ನೋಡುವುದಕ್ಕೆ, ಮೂಲ ಫೈಲು ಇಡುವುದಕ್ಕೆ. ಅದು ಎರಡು ಬೇರೆ ಬೇರೆ ಜಾಗಗಳಲ್ಲಿರಲಿ. ಕೊನೆಯವರೆಗೆ ಪೂರ್ತಿ ನೋಡಿದ ಹೊರತು ಯಾವುದನ್ನೂ ಅಳಿಸಬೇಡಿ.

ನಾಲ್ಕನೆಯ ಡಿಸ್ಕನ್ನು ಸಿದ್ದಾಪುರದ ಮನೆಯಲ್ಲಿ ಹಾಕಿದಾಗ ನಾವೆಲ್ಲ ಕುಳಿತು 48 ನಿಮಿಷವೂ ನೋಡಿದೆವು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಹಿಂದುಮುಂದು ಮಾಡಬಾರದು ಎಂದು ಅವರು ಎರಡೆರಡು ಸಲ ಹೇಳುತ್ತಾರೆ. ಆ ತಾಯಿ ನಡುವೆ ಒಮ್ಮೆ ಮಾತ್ರ ಬಾಯಿ ತೆರೆದರು: "ನನಗೂ ಹೀಗೇ ಎರಡು ಸಲ ಹೇಳುತ್ತಿದ್ದರು."

ನಿಮ್ಮ ಮನೆಯ ಹಿರಿಯರ ಮಾತು, ಕೊಯ್ಲಿನ ಕೆಲಸ, ಮದುವೆ ಮುಂಜಿಗಳ ಚಿತ್ರಗಳು ಮೊಬೈಲಿನಲ್ಲಿದ್ದರೆ ಮಳೆಗಾಲದ ಬಿಡುವಿನಲ್ಲಿ ಈ ಕೆಲಸ ಮಾಡಿಕೊಳ್ಳಿ. ತೊಡಕಾದರೆ ಮೂಲ ಫೈಲಿನ ನಕಲಿನೊಂದಿಗೆ ಸಂಘದ ಕಚೇರಿಗೆ ಬನ್ನಿ, ಕುಳಿತು ನೋಡೋಣ.

- ಕಾರ್ಯದರ್ಶಿ