ಎಣಿಕೆ ಮತ್ತು ಆಸರೆ

ಕುಟುಂಬವು ಸಮಾಜದ ಮೂಲ ಘಟಕ. ಆದರೆ ಬಡತನ, ಕುಡಿತ, ಹಿಂಸೆ, ಮನಸ್ತಾಪ ಮೊದಲಾದ ಕಾರಣಗಳಿಂದ ಕೆಲವು ಕುಟುಂಬಗಳು ಒಡೆಯುವುದುಂಟು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯು ಇದರ ಪರಿಣಾಮವನ್ನು ಚೆನ್ನಾಗಿ ಸೂಚಿಸುತ್ತದೆ. ಇಂತಹವರಿಗೆ ನೆರವಾಗಬೇಕಾದರೆ ಅವರು ಎಷ್ಟು ಮಂದಿ ಇದ್ದಾರೆಂಬುದನ್ನು ಸರ್ಕಾರವು ಮೊದಲು ಅರಿಯಬೇಕು.

ಈ ಅರಿವನ್ನು ಒದಗಿಸುವ ಮುಖ್ಯ ಸಾಧನವೇ ಜನಗಣತಿ. 2011ರ ಜನಗಣತಿಯಲ್ಲಿ ವಿಚ್ಛೇದಿತರನ್ನೂ, ವಿಚ್ಛೇದನವಿಲ್ಲದೆ ಬೇರ್ಪಟ್ಟವರನ್ನೂ ಪ್ರತ್ಯೇಕವಾಗಿ ಎಣಿಸಲಾಯಿತು. ಭಾರತದಲ್ಲಿ ಆಗ ವಿಚ್ಛೇದಿತರ ಸಂಖ್ಯೆ ಸುಮಾರು 13 ಲಕ್ಷ 60 ಸಾವಿರ. ಬೇರ್ಪಟ್ಟವರಾದರೋ ಅದರ ಸುಮಾರು ಎರಡೂವರೆ ಪಟ್ಟು ಇದ್ದರು; ಅವರಲ್ಲಿ ಸ್ತ್ರೀಯರೇ ಸುಮಾರು 23 ಲಕ್ಷ 70 ಸಾವಿರ. ನ್ಯಾಯಾಲಯಗಳ ವಿಚ್ಛೇದನದ ಕಡತಗಳನ್ನಷ್ಟೇ ನೋಡಿದ್ದರೆ ಇವರು ಗಣನೆಗೆ ಬರುತ್ತಲೇ ಇರಲಿಲ್ಲ.

ಇಂತಹವರ ರಕ್ಷಣೆಗೆ ಕಾನೂನಿನ ಆಸರೆಯುಂಟು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಂತೆ, ಅನುಕೂಲವಿದ್ದೂ ಹೆಂಡತಿ ಮಕ್ಕಳನ್ನು ಸಾಕದವನಿಂದ ಜೀವನಾಂಶವನ್ನು ಕೊಡಿಸಬಹುದಾಗಿತ್ತು. ಇದಕ್ಕೆ ವಿಚ್ಛೇದನವು ಆಗಿರಲೇಬೇಕೆಂಬ ನಿಯಮವಿರಲಿಲ್ಲ. ತಿಂಗಳಿಗೆ 500 ರೂಪಾಯಿಗಳೆಂಬ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿ ಈ ಹಕ್ಕು ಮುಂದುವರಿದಿದೆ. 1984ರ ಕಾಯಿದೆಯಂತೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯಗಳು ಮೊದಲು ರಾಜಿಗೆ ಪ್ರಯತ್ನಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರೂ ಮಕ್ಕಳೂ, ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವನ್ನು ಪಡೆಯಬಹುದು.

ನ್ಯಾಯಾಲಯದ ಹೊರಗೂ ಸರ್ಕಾರದ ನೆರವುಂಟು. ಕರ್ನಾಟಕದಲ್ಲಿ 2013ರಲ್ಲಿ ಆರಂಭವಾದ ಮನಸ್ವಿನಿ ಯೋಜನೆಯು ಅವಿವಾಹಿತ ಹಾಗೂ ವಿಚ್ಛೇದಿತ ಬಡ ಮಹಿಳೆಯರಿಗೆ ಮಾಸಾಶನವನ್ನು ನೀಡಲು ರೂಪಿತವಾಯಿತು. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಪಡಿಸಲಾಯಿತು.

ಆದರೂ ಒಂದು ತೊಡಕು ಉಳಿಯುತ್ತದೆ. ನೆರವು ನೀಡುವ ಕಚೇರಿಯು ದಾಖಲೆಯನ್ನು ಕೇಳುವುದು ಸಹಜ. ವಿಧವೆಯು ಪತಿಯ ಮರಣಪತ್ರವನ್ನು ತೋರಿಸಬಲ್ಲಳು. ವಿಚ್ಛೇದಿತೆಯು ನ್ಯಾಯಾಲಯದ ತೀರ್ಪನ್ನು ತೋರಿಸಬಲ್ಲಳು. ಪತಿಯು ಹೇಳದೆ ಕೇಳದೆ ತೊರೆದುಹೋದವಳು ಏನನ್ನು ತೋರಿಸಬೇಕು? ಆಕೆಯ ಸಂಕಷ್ಟವು ಇತರರದ್ದಕ್ಕಿಂತ ಕಡಿಮೆಯದಲ್ಲ. ಅದಕ್ಕೆ ಕಾಗದದ ಸಾಕ್ಷಿ ಮಾತ್ರ ಇಲ್ಲ.

ಅಂಕಿಸಂಖ್ಯೆಗಳ ಪ್ರಯೋಜನವು ಇಲ್ಲಿಯೇ ವ್ಯಕ್ತವಾಗುತ್ತದೆ. ದಾಖಲೆಯಿಲ್ಲದವರೂ ಲಕ್ಷಾಂತರವಾಗಿದ್ದಾರೆಂದು ಅವು ತಿಳಿಸುತ್ತವೆ. ಆ ಲಕ್ಷಗಳಲ್ಲಿ ಪ್ರತಿಯೊಂದು ಅಂಕಿಯೂ ಒಂದು ಜೀವ. ಎಣಿಕೆಗೆ ಬಂದವರೆಲ್ಲರೂ ಆಸರೆಗೂ ಬಂದಾಗ ಮಾತ್ರ ಎಣಿಕೆಯು ಸಾರ್ಥಕವಾಗುತ್ತದೆ.