ಹೊಸ ಮಾಡ್ಯೂಲ್, ಹೊರಡದ ಕಾರು

ಕಾರಿನ ಎಂಜಿನ್ ಕಂಟ್ರೋಲ್ ಯೂನಿಟ್ ಕೆಟ್ಟು, ಹೊಸದನ್ನು ಕೂರಿಸಿದ್ದಾಯಿತು. ಕೀಲಿ ತಿರುವಿದರೆ ಎಂಜಿನ್ ಹತ್ತುವುದಿಲ್ಲ, ಇಲ್ಲವೆ ಹತ್ತಿ ಒಂದೆರಡು ಕ್ಷಣದಲ್ಲೇ ನಿಲ್ಲುತ್ತದೆ. ಸ್ಕ್ಯಾನರ್ ಹಚ್ಚಿದರೆ ಕಳ್ಳತನ ತಡೆ ವ್ಯವಸ್ಥೆಯ ದೋಷಸಂಕೇತ. 'ಹೊಸದೂ ಕೆಟ್ಟದ್ದೇ ಬಂದಿದೆ' ಎಂದು ಮತ್ತೊಂದು ಯೂನಿಟ್ ತರಿಸಲು ಹೊರಡುವವರುಂಟು. ದುಬಾರಿಯಾದ ಆ ಖರ್ಚಿಗೆ ಮುನ್ನ ಸಂಕೇತದ ಅರ್ಥವನ್ನು ತಿಳಿಯುವುದು ಒಳಿತು. ಮಾತುಕತೆಯ ಸಮಯದ ಮಿತಿಯಲ್ಲಿ ಹೇಳಲಾಗದಿದ್ದ ವಿವರಗಳನ್ನು ವೀಕ್ಷಕರಿಗಾಗಿ ಇಲ್ಲಿ ಕೊಟ್ಟಿದೆ.

ಈ ಕಾರುಗಳ ಕೀಲಿಯ ಹಿಡಿಯಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿ ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಶಾಲೆಯಲ್ಲಿ ಓದಿದ ಫ್ಯಾರಡೆಯ ಪ್ರೇರಣೆಯಿಂದಲೇ ಚಿಪ್‌ಗೆ ವಿದ್ಯುತ್ ಸಿಕ್ಕಿ, ಅದು ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಇಮ್ಮೊಬಿಲೈಸರ್ ಎಂಜಿನ್ ಯೂನಿಟ್‌ಗೆ ಒಪ್ಪಿಗೆ ಕಳಿಸುತ್ತದೆ. ಇವೆರಡರ ನಡುವೆಯೂ ಒಂದು ಗುಟ್ಟಿನ ಸಂಖ್ಯೆಯುಂಟು. ಹೊಸ ಯೂನಿಟ್‌ಗೆ ಆ ಗುಟ್ಟು ತಿಳಿಯದು; ಆದ್ದರಿಂದ ಇಂಧನವನ್ನು ತಡೆಯುತ್ತದೆ. ಅದು ಕೆಟ್ಟಿಲ್ಲ, ಕಾವಲುಗಾರನ ಕೆಲಸವನ್ನು ಮಾಡುತ್ತಿದೆ. (1986ರ ಕಾರ್ವೆಟ್ ಕಾರಿನಲ್ಲಿ ಇಂಥ ಕಾವಲಿಗೆ ಕೀಲಿಯೊಳಗಿನ ಒಂದು ರೋಧಕವೇ ಆಧಾರ. ಇದ್ದದ್ದು 15 ಬೆಲೆಗಳು ಮಾತ್ರ!)

ಸಂಕೇತ ಓದುವಾಗ ಅವಸರ ಸಲ್ಲದು. ಮಾಡ್ಯೂಲ್ ಕಳಚಿದ್ದ ಹೊತ್ತಿನಲ್ಲಿ ಉಳಿದ ಮಾಡ್ಯೂಲ್‌ಗಳು 'ಸಂಪರ್ಕವಿಲ್ಲ' ಎಂದು ದಾಖಲಿಸಿರುತ್ತವೆ. ಎಲ್ಲವನ್ನೂ ಬರೆದುಕೊಂಡು ಅಳಿಸಿ, ಇಗ್ನಿಷನ್ ಮತ್ತೆ ಹಾಕಿ ನೋಡಬೇಕು. ಮರಳಿ ಬಂದದ್ದೇ ನಿಜವಾದ ದೂರು. ಪಿ0633 ಎಂದರೆ ಎಂಜಿನ್ ಯೂನಿಟ್‌ಗೆ ಕೀಲಿಯ ಪರಿಚಯ ಮಾಡಿಸಿಲ್ಲ ಎಂದರ್ಥ. ಪಿ0513 ಎಂದರೆ ಕೀಲಿ ತಪ್ಪು. ಪಿ ಅಕ್ಷರದ ಮುಂದೆ 1 ಇದ್ದರೆ ಅದು ತಯಾರಕರ ಸ್ವಂತ ಸಂಕೇತ: ಫೋರ್ಡ್ ಕಾರಿನಲ್ಲಿ ಪಿ1260 ಎಂದರೆ ಕಳ್ಳತನದ ಶಂಕೆಯಿಂದ ಎಂಜಿನ್ ತಡೆಯಲಾಗಿದೆ ಎಂದು; ಬೇರೆ ಕಂಪನಿಯ ಕಾರಿನಲ್ಲಿ ಅದೇ ಸಂಖ್ಯೆಗೆ ಬೇರೆ ಅರ್ಥವಿರಬಹುದು.

ಯು ಅಕ್ಷರದ ಸಂಕೇತ, ಉದಾಹರಣೆಗೆ ಯು0167, ಬಂದರೆ ದಾರಿ ಬೇರೆ. ಇಮ್ಮೊಬಿಲೈಸರ್‌ನ ಮಾತೇ ತಲುಪುತ್ತಿಲ್ಲ. ಈಗ ಪ್ರೋಗ್ರಾಮಿಂಗ್‌ಗೆ ಕೈಹಾಕಿ ಫಲವಿಲ್ಲ. ಫ್ಯೂಸ್, ಅರ್ತ್ ತಂತಿ, ಕನೆಕ್ಟರ್‌ಗಳನ್ನು ಮೊದಲು ನೋಡಬೇಕು. ಕ್ಯಾನ್ ಜಾಲವಿರುವ ಬಹುತೇಕ ಕಾರುಗಳಲ್ಲಿ ಬ್ಯಾಟರಿ ಕಳಚಿ, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಸಿಗಬೇಕು. ಜಾಲದ ಎರಡು ತುದಿಗಳಲ್ಲಿ 120 ಓಮ್‌ನ ರೋಧಕಗಳು ಸಮಾಂತರವಾಗಿವೆಯಲ್ಲ! 120 ಬಂದರೆ ಒಂದು ತುದಿ ಕಡಿದಿದೆ. ನೂರಾರು ರೂಪಾಯಿಯ ಮಲ್ಟಿಮೀಟರ್ ಇಲ್ಲಿ ಸಾವಿರಾರು ರೂಪಾಯಿ ಉಳಿಸುತ್ತದೆ.

ತಂತಿಗಳು ಸರಿಯಿದ್ದರೆ ಉಳಿಯುವುದು ಪರಿಚಯ ಮಾಡಿಸುವ ಕೆಲಸ. ಅದಕ್ಕೆ ಮಾಲೀಕತ್ವದ ದಾಖಲೆಯೊಂದಿಗೆ ಇರುವ ಎಲ್ಲ ಕೀಲಿಗಳನ್ನೂ ಒಯ್ಯಿರಿ. ಹಲವು ವ್ಯವಸ್ಥೆಗಳಲ್ಲಿ ಆ ಹೊತ್ತಿಗೆ ಕೈಯಲ್ಲಿಲ್ಲದ ಕೀಲಿ ನೆನಪಿನಿಂದ ಅಳಿದುಹೋಗುತ್ತದೆ. ನಡುವೆ ಬ್ಯಾಟರಿ ಕುಸಿಯದಂತೆ ಚಾರ್ಜರ್ ಜೋಡಿಸಿರಬೇಕು. ಗುಜರಿಯಿಂದ ತಂದ ಯೂನಿಟ್‌ನಲ್ಲಿ ಇನ್ನೊಂದು ಕಾರಿನ ಗುಟ್ಟು ಕುಳಿತಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದನ್ನು ಅಳಿಸಲು ಸಾಮಾನ್ಯ ಉಪಕರಣ ಸಾಲದು. ಕೆಟ್ಟ ಹಳೆಯ ಯೂನಿಟ್ಟನ್ನು ಮಾತ್ರ ಕಾರು ಹೊರಡುವ ತನಕ ಗ್ಯಾರೇಜಿನವರಿಗೆ ಬಿಟ್ಟುಕೊಡಬೇಡಿ. ಅದರ ಸ್ಮೃತಿ ಉಳಿದಿದ್ದರೆ, ಆ ಗುಟ್ಟನ್ನು ಹೊಸದಕ್ಕೆ ವರ್ಗಾಯಿಸಲು ಕೆಲವೊಮ್ಮೆ ಸಾಧ್ಯ.