ಮಾತ್ರೆ ಎಣಿಸುವ ಕೆಲಸ

ವಾಪಸು ಬಂದ ಡಬ್ಬಿಯ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸುವುದು ನಮ್ಮಲ್ಲಿ ದಿನನಿತ್ಯದ ಕೆಲಸ. 28 ದಿನಕ್ಕೆಂದು 35 ಮಾತ್ರೆ ಕೊಟ್ಟಿದ್ದರೆ ಏಳು ಉಳಿದಿರಬೇಕು. ಹದಿನೈದು ಉಳಿದಿದ್ದರೆ ಎಂಟು ದಿನ ತಪ್ಪಿದೆ ಎಂದರ್ಥ. “ಯಾಕಮ್ಮಾ ಹೀಗಾಯ್ತು?” ಎಂದರೆ, “ತವರಲ್ಲಿ ಜಾತ್ರೆ ಇತ್ತು ಮೇಡಂ, ಡಬ್ಬಿ ಮನೇಲೇ ಬಿಟ್ಟು ಹೋಗಿದ್ದೆ” ಎನ್ನುತ್ತಾರೆ. ಬೈಯಬಾರದು. ಬೈದರೆ ಮುಂದಿನ ಸಲ ಉಳಿದ ಮಾತ್ರೆಗಳನ್ನು ಮೋರಿಗೆ ಸುರಿದು ಖಾಲಿ ಡಬ್ಬಿ ತರುತ್ತಾರೆ. ಆಗ ಔಷಧ ಕೆಲಸ ಮಾಡಲಿಲ್ಲ ಎಂದು ನಮ್ಮ ಲೆಕ್ಕ ಹೇಳುತ್ತದೆ. ಅಸಲಿಗೆ ಔಷಧ ಹೊಟ್ಟೆಗೇ ಹೋಗಿರುವುದಿಲ್ಲ.

ನಾನು ಬೆಂಗಳೂರಿನಲ್ಲಿ, ಔಷಧಗಳನ್ನು ಜನರಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳ ಪ್ರಾಜೆಕ್ಟ್ ಮ್ಯಾನೇಜರ್. ಭಾಗವಹಿಸುವ ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ಸೇರಿ ಈ ಹುದ್ದೆಗೆ ಬಂದವಳು. ಪ್ರೊಟೊಕಾಲ್‌ನಲ್ಲಿ (ಅಧ್ಯಯನದ ಲಿಖಿತ ಯೋಜನೆಯಲ್ಲಿ) ರಕ್ತಪರೀಕ್ಷೆಗೆ ‘ಹನ್ನೆರಡನೇ ವಾರ, ಏಳು ದಿನ ಹಿಂದೆಮುಂದೆ’ ಎಂಬ ಒಂದು ಸಾಲು ಇರುತ್ತದೆ. ಅದೇ ವಾರ ಚಿಂತಾಮಣಿಯ ರೈತರೊಬ್ಬರಿಗೆ ರಾಗಿ ಕೊಯ್ಲು ಬಂದಿರುತ್ತದೆ, ಇಲ್ಲಿ ರಕ್ತ ತೆಗೆಯುವ ಹುಡುಗ ರಜೆ ಹಾಕಿರುತ್ತಾನೆ, ಲ್ಯಾಬಿನ ಕೊರಿಯರ್ ಮೂರು ಗಂಟೆಗೇ ಹೊರಡುತ್ತಾನೆ. ಇವನ್ನೆಲ್ಲ ಹೊಂದಿಸುವುದೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ತಿಂಗಳು ತಡವಾಗಿ ತೆಗೆದ ರಕ್ತ ಹನ್ನೆರಡನೇ ವಾರದ ರಕ್ತವಾಗುವುದಿಲ್ಲ. ತಪ್ಪಿದ ದಿನವನ್ನು ಎಷ್ಟು ದುಡ್ಡು ಸುರಿದರೂ ವಾಪಸು ತರಲಾಗದು.

ದಿನಾಂಕ ಹೊಂದಿಸಿದರೂ ಮಾತ್ರೆಯೇ ಬರದಿದ್ದರೆ? ಟಿಪ್ಸ್-3 ಅಧ್ಯಯನದಲ್ಲಿ ಹಾಗೂ ಆಯಿತು. ರಕ್ತದೊತ್ತಡ, ಕೊಲೆಸ್ಟರಾಲ್ ಇಳಿಸುವ ನಾಲ್ಕು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಟ್ಟರೆ ಹೃದಯಾಘಾತ, ಪಾರ್ಶ್ವವಾಯು ತಡೆಯಬಹುದೇ ಎಂಬುದು ಅದರ ಪ್ರಶ್ನೆ. ಮುಂದಾಳು ಕೆನಡಾದ ಡಾ. ಸಲೀಂ ಯೂಸುಫ್; ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೇ. ಅದೇ ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್ ಅವರ ಜೊತೆಗಿದ್ದರು. ಒಂಬತ್ತು ದೇಶಗಳ 5,713 ಜನ ಭಾಗವಹಿಸಿದರು, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಭಾರತೀಯರು. 2020ರ ನವೆಂಬರ್‌ನಲ್ಲಿ ಫಲಿತಾಂಶ ಬಂತು: ಬರೀ ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ 5.8 ಮಂದಿಗೆ ಇಂಥ ತೊಂದರೆಯಾಗಿದ್ದರೆ, ಗುಳಿಗೆಯ ಜೊತೆ ಆಸ್ಪಿರಿನ್ ನುಂಗಿದವರಲ್ಲಿ 4.1. ಒಳ್ಳೆಯ ಫಲಿತಾಂಶ. ಆದರೆ ಗುಳಿಗೆಯ ತಯಾರಿಕೆ, ಸರಬರಾಜು ತಡವಾಗಿ, ಮೇಲೆ ಕೋವಿಡ್ ಬಂದು, ಹಲವರ ಮಾತ್ರೆ ನಡುವೆಯೇ ನಿಂತುಹೋಯಿತೆಂದು ಸಂಶೋಧಕರೇ ದಾಖಲಿಸಿದ್ದಾರೆ. ಮಾತ್ರೆ ಬಿಟ್ಟವರು ಹೆಚ್ಚಿದಷ್ಟೂ ಔಷಧದ ನಿಜವಾದ ಬಲ ಲೆಕ್ಕದಲ್ಲಿ ಕುಗ್ಗಿ ಕಾಣುತ್ತದೆ. ಅಷ್ಟು ದೊಡ್ಡ ಅಧ್ಯಯನವನ್ನೂ ಗೋದಾಮು, ಲಾರಿಗಳ ತಡ ಕಾಡಬಲ್ಲದು.

ಇಷ್ಟಾದರೂ ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕೋಆರ್ಡಿನೇಟರ್‌ಗಳ ಸಂಬಳಕ್ಕೆ. ಹೆಚ್ಚಿನವರದು ಗುತ್ತಿಗೆ ಕೆಲಸ. ಅರ್ಧದಲ್ಲಿ ಒಬ್ಬಳು ಬಿಟ್ಟುಹೋದರೆ ಅವಳ ಮೇಲಿನ ವಿಶ್ವಾಸದಿಂದಲೇ ಬರುತ್ತಿದ್ದ ರೋಗಿಗಳೂ ನಿಂತುಬಿಡುತ್ತಾರೆ. ಇದು ಉಳಿತಾಯವಲ್ಲ, ಅಧ್ಯಯನದ ಬುಡಕ್ಕೇ ಪೆಟ್ಟು. ಟ್ರಯಲ್‌ನಲ್ಲಿ ಭಾಗವಹಿಸಿದವರಿಗೆ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಎಥಿಕ್ಸ್ ಕಮಿಟಿಗೆ, ಸ್ಪಾನ್ಸರ್‌ಗೆ ವೈದ್ಯರು ವರದಿ ಕೊಡಬೇಕೆಂಬುದು 2019ರ ನಿಯಮ. ಆದರೆ ಮಧ್ಯರಾತ್ರಿ ಮನೆಯವರ ಫೋನ್ ಎತ್ತುವವಳು ಕೋಆರ್ಡಿನೇಟರ್. ಅವಳಿಗೆ ಕಾಯಂ ಕೆಲಸ ಕೊಡಲೇಬೇಕು.

ನಿಮ್ಮನ್ನೋ ನಿಮ್ಮ ಮನೆಯವರನ್ನೋ ಟ್ರಯಲ್‌ಗೆ ಸೇರಲು ಕೇಳಿದರೆ ಹೆದರಿ ಓಡಬೇಡಿ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿ. ಕನ್ನಡದ ಮಾಹಿತಿ ಪತ್ರ ಕೇಳಿ, ಮನೆಗೆ ಒಯ್ದು ಓದಿ. ಟ್ರಯಲ್‌ಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಅದನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕೆಂದು ಕೇಳಿ, ಆ ನಂಬರಿಗೆ ಅಲ್ಲೇ ಒಮ್ಮೆ ಕರೆಮಾಡಿ ನೋಡಿ. ಸೇರಿದ ಮೇಲೆ ಮಾತ್ರೆ ತಪ್ಪಿದರೆ ತಪ್ಪಿತೆಂದೇ ಹೇಳಿ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ.